ಬಡಿಸುವವರ ಪಟ್ಟಿ

೧೬ ಜೂನ್ ೨೦೨೫, ಸೋಮವಾರ

ನಿನ್ನೆಯ ಸಮಿತಿ ಸಭೆಯ ನಡಾವಳಿ ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿದ್ದೆ. ಅಷ್ಟರಲ್ಲಿ ನಮ್ಮ ಕನ್ನಡ ಸಂಘದ ಅಧ್ಯಕ್ಷ ಹಿರಿಯಣ್ಣನವರ ಫೋನು. ಇನ್ನೊಂದು ಸಾಲು ಸೇರಿಸಬೇಕಂತೆ. ಕಾರ್ಯದರ್ಶಿ ಶೇಖರ ಅವರು ಪುಣೆಗೆ ಮಗಳ ಮನೆಗೆ ಹೋಗಿ ನೆಲೆಸುತ್ತಿರುವುದರಿಂದ ಆ ಜಾಗಕ್ಕೆ ವಿಕ್ರಂ ಹೆಸರನ್ನು ಸಮಿತಿ ಸರ್ವಾನುಮತದಿಂದ ಸೂಚಿಸಿದೆ ಎಂದು. ನಾನು ಸಭೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಕೂತಿದ್ದೆ, ಈ ಮಾತು ಬಂದೇ ಇರಲಿಲ್ಲ. ಹಾಗೆಂದೆ. "ಸಭೆ ಆದ್ಮೇಲೆ ಕಾಫಿ ಕುಡೀತಾ ಮಾತಾಡಿದ್ವಮ್ಮ" ಎಂದರು.

ಸಭೆ ಮುಗಿದ ಮೇಲೆ ಗಂಡಸರೆಲ್ಲ ಮಾಟುಂಗ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿಗೆ ಹೋಗುತ್ತಾರೆ. ನಾನು ಸಂಘದ ಹಾಲ್‌ನಲ್ಲಿ ಉಳಿದು, ಫ್ಯಾನು ಆರಿಸಿ, ಕುರ್ಚಿ ಮಡಿಸಿ, ಬೀಗದಕೈಯನ್ನು ವಾಚ್‌ಮನ್ ಮರೆಪ್ಪನ ಕೈಗೆ ಕೊಟ್ಟು ಬರುತ್ತೇನೆ. ಹದಿನಾಲ್ಕು ವರ್ಷದಿಂದ ನಾನು ಜೊತೆ ಕಾರ್ಯದರ್ಶಿ. ಅರವತ್ತೊಂದು ವರ್ಷದ ನಮ್ಮ ಸಂಘದ ನಿಜವಾದ ಸಭೆ ಆ ಹೋಟೆಲಿನ ಮೂಲೆಯ ಮೇಜಿನಲ್ಲಿ ನಡೆಯುತ್ತದೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಅವರು ಹೇಳಿದ್ದನ್ನು ಬರೆದುಕೊಡುತ್ತಲೂ ಇದ್ದೆ.

ವಿಕ್ರಂ ಒಳ್ಳೆಯ ಹುಡುಗ. ಮೂವತ್ತನಾಲ್ಕು ವರ್ಷ, ಸಂಘ ಸೇರಿ ಎರಡು ವರ್ಷ. ಕನ್ನಡ ಅರ್ಥವಾಗುತ್ತದೆ, ಓದಲು ಬರೆಯಲು ಬಾರದು. ಅದನ್ನೂ ಹೇಳಿದೆ. "ಬರೆಯೋಕೆ ನೀವಿದ್ದೀರಲ್ಲ" ಎಂದರು ಹಿರಿಯಣ್ಣ, ನನ್ನನ್ನು ಹೊಗಳಿದ ದನಿಯಲ್ಲಿ.

ಸಾಲು ಸೇರಿಸಿದೆ.

೧೮ ಜೂನ್, ಬುಧವಾರ

ಇವರಿಗೆ ಹೇಳಿದೆ. ಟೀವಿಯ ಸದ್ದು ತಗ್ಗಿಸಿದರು, ಆರಿಸಲಿಲ್ಲ. ಅದೆಲ್ಲ ನಿನಗ್ಯಾಕೆ, ರಿಟೈರ್ ಆಗಿದ್ದೀಯ, ಆರಾಮಾಗಿರು ಎಂದರು. ವಿಮಾ ಕಚೇರಿಯಿಂದ ನಿವೃತ್ತಳಾಗಿ ಒಂದು ವರ್ಷವಾಯಿತು, ನಿಜ. ಅಲ್ಲಿ ಹಾರ ಹಾಕಿ ಕಳಿಸಿದರು. ಅಡುಗೆಮನೆಯಿಂದ ಯಾರೂ ಹಾರ ಹಾಕಿ ಕಳಿಸಿಲ್ಲ. ಎಂಟೂವರೆ ಆಯಿತು. ಇವರಿಗೆ ಆರಿದ ಅನ್ನ ಸೇರದು, ಏಳಬೇಕು.

೨೪ ಜೂನ್, ಮಂಗಳವಾರ

ವಾರ್ಷಿಕ ಸಭೆಯ ಆಮಂತ್ರಣ ಪತ್ರಿಕೆಯ ಕರಡು ನೋಡಲು ಮಾಟುಂಗಕ್ಕೆ ಹೋಗಿದ್ದೆ. ಬರುವಾಗ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಸುಪ್ರಜಾ ಸಿಕ್ಕಳು. ಅವಳು ಸಂಘದ ಮಹಿಳಾ ವಿಭಾಗದಲ್ಲಿ ಎಲ್ಲರಿಗಿಂತ ಚಿಕ್ಕವಳು, ನನ್ನ ಹಾಗೆಯೇ ಜೋಗೇಶ್ವರಿಯಲ್ಲಿ ಇಳಿಯುವವಳು. ಕರಡನ್ನು ಅವಳಿಗೂ ತೋರಿಸಿದೆ. "ಭೋಜನ ವ್ಯವಸ್ಥೆ: ಶ್ರೀಮತಿ ಶ್ರೀರಾಮ್ ಮತ್ತು ಬಳಗ" ಎಂದಿತ್ತು. ಶ್ರೀಮತಿ ಶ್ರೀರಾಮ್ ಯಾರು ಆಂಟಿ ಎಂದು ಕೇಳಿದಳು. ನಾನೇ ಎಂದೆ. ನಕ್ಕಳು, ನಾನೂ ನಕ್ಕೆ. ಆಮೇಲೆ ಇಬ್ಬರೂ ನಗು ನಿಲ್ಲಿಸಿದೆವು.

ಹೋದ ವರ್ಷದ ರಾಜ್ಯೋತ್ಸವದ ಫೋಟೋ ಅವಳ ಫೋನಿನಲ್ಲಿತ್ತು. ಆರು ಜನರಿಗೆ ಸನ್ಮಾನ, ಆರು ಶಾಲು, ಆರು ಹಾರ. ಒಂದೂವರೆ ಗಂಟೆ ಹರಿವಾಣ ಹಿಡಿದು ನಿಂತವಳು ನಾನು. ಫೋಟೋದಲ್ಲಿ ನನ್ನ ಎರಡು ಬಳೆ ಬಂದಿವೆ.

"ಕಾರ್ಯದರ್ಶಿಗೆ ನೀವೇ ನಿಲ್ಲಿ ಆಂಟಿ. ಕೆಲಸ ಹೇಗೂ ನೀವೇ ಮಾಡ್ತಿದ್ದೀರಿ" ಎಂದಳು ಸುಪ್ರಜಾ. ನಾನು ಕರಡನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಹೂಂ ಎನ್ನಲಿಲ್ಲ. ಆದರೆ ಮನೆಗೆ ಬಂದು ನಿಯಮಾವಳಿಯ ಪುಸ್ತಕ ಹುಡುಕಿ ತೆಗೆದೆ.

೩ ಜುಲೈ, ಗುರುವಾರ

ನಾಮಪತ್ರ ಕೊಟ್ಟೆ. ಅರವತ್ತು ದಾಟಿದವಳಿಗೆ ಇದು ಬೇಕಿತ್ತೇ?

ಒಬ್ಬರು ಸೂಚಕರು, ಒಬ್ಬರು ಅನುಮೋದಕರು ಬೇಕು. ಅನುಮೋದಿಸಲು ಸುಪ್ರಜಾ ಇದ್ದಳು. ಸೂಚಿಸಲು ಇಬ್ಬರನ್ನು ಕೇಳಿದೆ. ಒಬ್ಬರು ಮನೆಯವರನ್ನು ಕೇಳಿ ಹೇಳುತ್ತೇನೆ ಎಂದರು, ಹೇಳಲಿಲ್ಲ. ಇನ್ನೊಬ್ಬರು ಮುಂದಿನ ವರ್ಷ ನೋಡೋಣ ಎಂದರು. ಕೊನೆಗೆ ಹನುಮವ್ವ ಬಂದಳು, ಮರೆಪ್ಪನ ಹೆಂಡತಿ. ಮೂವತ್ತು ವರ್ಷದ ಹಿಂದೆ ಯಾದಗಿರಿಯ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವಳು, ಈಗ ಆಂಟಾಪ್ ಹಿಲ್‌ನಲ್ಲಿ ನಾಲ್ಕು ಮನೆಯ ಅಡುಗೆ ಮಾಡುತ್ತಾಳೆ. ಮರೆಪ್ಪ ಸಂಘದ ನೌಕರ, ಇವಳು ಸದಸ್ಯೆ. ತನ್ನ ಹೆಸರಿನಲ್ಲೇ ಸದಸ್ಯತ್ವ ಪಡೆದಿದ್ದಾಳೆ. ಸಹಿ ಮಾಡಲು ಕಲಿತದ್ದು ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ, ನನ್ನ ಮುಂದೆ ಕೂತು. "ಎಲ್ಲಿ ಬರೀಬೇಕು ತೋರಸ್ರಿ ಅಕ್ಕಾರ" ಎಂದು ಕೇಳಿ, ಕಾಗದ ಹರಿಯುವ ಹಾಗೆ ಒತ್ತಿ ಬರೆದಳು.

ಶೇಖರ ಅವರು ನಾಮಪತ್ರ ತೆಗೆದುಕೊಂಡು ಎರಡು ಸಲ ಓದಿದರು. ಸ್ವೀಕರಿಸಿದ್ದಕ್ಕೆ ರಸೀತಿ ಕೊಡಬೇಕೋ ಬೇಡವೋ ಅವರಿಗೆ ತಿಳಿಯಲಿಲ್ಲ. ಇಷ್ಟು ವರ್ಷದಲ್ಲಿ ಅವರು ನಾಮಪತ್ರವನ್ನೇ ನೋಡಿರಲಿಲ್ಲ.

೯ ಜುಲೈ, ಬುಧವಾರ

ಹಿರಿಯಣ್ಣನವರು ಮನೆಗೆ ಬಂದಿದ್ದರು. ಮಾಟುಂಗದಿಂದ ಕೋಡುಬಳೆ ತಂದಿದ್ದರು. ಅವರು ಕೆಟ್ಟವರಲ್ಲ, ಅದೇ ಕಷ್ಟ. ನನ್ನ ಅಮ್ಮ ತೀರಿಕೊಂಡಾಗ ಎಲ್ಲರಿಗಿಂತ ಮೊದಲು ಬಂದು ಆಂಬುಲೆನ್ಸಿನವನ ಜೊತೆ ಮರಾಠಿಯಲ್ಲಿ ಜಗಳವಾಡಿದವರು ಅವರೇ.

ನಾನು ಕಾಫಿ ಬೆರೆಸಲು ಒಳಗೆ ಹೋದೆ. ನನ್ನ ನಾಮಪತ್ರದ ಮಾತು ಹೊರಗೆ ಅವರಿಬ್ಬರ ನಡುವೆ ನಡೆಯಿತು. ಹಾಲು ಉಕ್ಕದಂತೆ ನೋಡುತ್ತಾ ಕೇಳಿಸಿಕೊಂಡೆ. ಅರವತ್ತೊಂದು ವರ್ಷದಲ್ಲಿ ಒಮ್ಮೆಯೂ ಮತದಾನ ಆಗಿಲ್ಲ, ಅವಿರೋಧ ಆಯ್ಕೆಯೇ ನಮ್ಮ ಸಂಘದ ಮರ್ಯಾದೆ, ಶ್ರೀರಾಮ್, ನೀವಾದರೂ ಹೇಳಿ ಎನ್ನುತ್ತಿದ್ದರು. ಇವರು "ನಾನು ಹೇಳಿದ್ದೀನಿ ಸಾರ್" ಎಂದರು. ಹೇಳಿದ್ದು ಯಾವಾಗ? ಟೀವಿಯ ಸದ್ದು ತಗ್ಗಿಸಿದಾಗ ಇರಬೇಕು.

ಲೋಟಗಳ ಜೊತೆ ನಾನು ಬಂದ ಕೂಡಲೇ ಇಬ್ಬರೂ ಮಳೆಯ ಮಾತು ಶುರುಮಾಡಿದರು. ಆಮೇಲೆ ಹಿರಿಯಣ್ಣ ಬಹಳ ಅಕ್ಕರೆಯಿಂದ ಹೇಳಿದರು: "ಸಂಘಕ್ಕೆ ನೀವು ತಾಯಿ ಇದ್ದ ಹಾಗಮ್ಮ. ತಾಯಿ ಎಲ್ಲಾದ್ರೂ ಎಲೆಕ್ಷನ್‌ಗೆ ನಿಲ್ತಾಳಾ?"

"ಹಿಂದೆ ತಗೊಳಲ್ಲ ಸಾರ್" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. ಅವರು ಕಾಫಿ ಚೆನ್ನಾಗಿದೆ ಎಂದು ಎದ್ದು ಹೋದರು. ಇವರು ಟೀವಿ ಹಾಕಿದರು. ರಾತ್ರಿ ಊಟಕ್ಕೆ ಕೂತು, ಹುಳಿಗೆ ಉಪ್ಪು ಕಡಿಮೆ ಎಂದರು.

೧೨ ಜುಲೈ, ಶನಿವಾರ

ಮಂಡಿ ನೋವು. ಬೆಳಿಗ್ಗೆಯಿಂದ ಮೂರು ಸಲ ಹಿಂದೆ ತೆಗೆದುಕೊಂಡುಬಿಡೋಣ ಎನ್ನಿಸಿತು. ಮೂರನೆಯ ಸಲ ಫೋನು ಕೈಗೆತ್ತಿಕೊಂಡಿದ್ದೆ, ಕುಕ್ಕರ್ ಕೂಗಿತು.

೨೦ ಜುಲೈ, ಭಾನುವಾರ

ಸುಪ್ರಜಾ ಬಂದಿದ್ದಳು. ಕೂತು ಯಾರು ಯಾರಿಗೆ ಕೈ ಎತ್ತಬಹುದೆಂದು ನೋಡಿದೆವು. ಮಹಿಳಾ ವಿಭಾಗದವರು ಕೈಬಿಡುವುದಿಲ್ಲ ಎನ್ನುತ್ತಾಳೆ. ಅವರೊಂದಿಗೆ ಶೇಖರ ಅವರ ಸ್ನೇಹಿತರು ನಾಲ್ಕೈದು ಜನ ಸೇರಿದರೆ ಸಾಕಂತೆ. ಮೊದಲ ಸಲ ನನಗೂ ಆದೀತು ಎನ್ನಿಸಿತು. ಕಾರ್ಯದರ್ಶಿಯಾದರೆ ಏನು ಮಾಡುತ್ತೀರಿ ಎಂದು ಕೇಳಿದಳು. ಕನ್ನಡ ತರಗತಿಗೆ ಮೆಟ್ಟಿಲ ಕೆಳಗಿನ ಜಾಗದ ಬದಲು ಮೇಲಿನ ಕೋಣೆ ಕೊಡಿಸುತ್ತೇನೆ ಎಂದೆ. ಹನುಮವ್ವನಂಥವರು ತಲೆ ಬಗ್ಗಿಸಿಕೊಂಡು ಒಳಗೆ ಬರುವುದು ಬೇಡ. ಆ ಕೋಣೆಯನ್ನು ಒಂಬತ್ತು ವರ್ಷದಿಂದ ಕೇಳುತ್ತಿದ್ದೇನೆ. ಅದರಲ್ಲಿ ಗಂಡಸರ ಕೇರಂ ಬೋರ್ಡ್ ಇದೆ.

ಅವಳು ಹೋದ ಮೇಲೆ ಪ್ರತಿ ವರ್ಷದಂತೆ ಎರಡು ಕಾಗದ ಸಿದ್ಧಮಾಡಿದೆ. ಒಂದು ಸಭೆಯ ಕಾರ್ಯಸೂಚಿ: ಹತ್ತೂವರೆಗೆ ಪ್ರಾರ್ಥನೆ, ಒಂಬತ್ತನೆಯದಾಗಿ ಕಾರ್ಯದರ್ಶಿಯ ಆಯ್ಕೆ, ಹತ್ತನೆಯದು ವಂದನಾರ್ಪಣೆ. ಇನ್ನೊಂದು ಬಡಿಸುವವರ ಪಟ್ಟಿ: ಹನ್ನೆರಡೂವರೆಗೆ ಕೆಳಗಿಳಿದು ಎಲೆ ಹಾಕಬೇಕು, ಉಪ್ಪು ಉಪ್ಪಿನಕಾಯಿಗೆ ಇಬ್ಬರು, ಪಲ್ಯ ಕೋಸಂಬರಿಗೆ ನಾಲ್ವರು, ಅನ್ನ, ಸಾರು, ಪಾಯಸ, ಮಜ್ಜಿಗೆ. ಒಟ್ಟು ಹದಿನೇಳು ಹೆಂಗಸರು. ಪಾಯಸಕ್ಕೆ ಸುಪ್ರಜಾ, ಪಲ್ಯಕ್ಕೆ ಹನುಮವ್ವ. ಅಭ್ಯರ್ಥಿ ಎಂದು ಈ ಸಲ ನನ್ನ ಹೆಸರನ್ನು ಮಾತ್ರ ಸೇರಿಸಲಿಲ್ಲ. ನನ್ನ ಪಟ್ಟಿ ಎಂದರೆ ಪಟ್ಟಿ. ಹದಿನಾಲ್ಕು ವರ್ಷದಲ್ಲಿ ಒಂದು ಎಲೆಗೂ ಉಪ್ಪು ತಪ್ಪಿಲ್ಲ.

೨೭ ಜುಲೈ, ಭಾನುವಾರ

ಸೋತೆ. ವಿಕ್ರಂಗೆ ಇಪ್ಪತ್ತೆರಡು, ನನಗೆ ಹದಿಮೂರು. ಇವರು ಯಾರಿಗೂ ಕೈ ಎತ್ತಲಿಲ್ಲ.

ನಾಳೆ ಬರೆಯುತ್ತೇನೆ.

೨೮ ಜುಲೈ, ಸೋಮವಾರ

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಸಭೆ ಎಂದಿನಂತೆ ಎಳೆಯಿತು. ಸಂಘದ ಹಳೆಯ ದಿನಗಳ ಬಗ್ಗೆ ಹಿರಿಯರೊಬ್ಬರು ನಲವತ್ತು ನಿಮಿಷ ಮಾತಾಡಿದರು. ಹನ್ನೆರಡೂವರೆಗೆ ಎಡಗಡೆಯ ಸಾಲುಗಳಿಂದ ಹೆಂಗಸರು ಒಬ್ಬೊಬ್ಬರಾಗಿ ಎದ್ದು, ಸೆರಗು ಸಿಕ್ಕಿಸಿಕೊಂಡು ಕೆಳಗೆ ಹೋದರು. ಹೋಗುವುದನ್ನು ನಾನು ನೋಡುತ್ತಿದ್ದೆ. ಸರಿಯಾದ ಹೊತ್ತಿಗೆ ಎದ್ದರು ಎಂದು ಸಮಾಧಾನವೂ ಆಯಿತು! ಒಂದು ಗಂಟೆಗೆ ಒಂಬತ್ತನೆಯ ವಿಷಯ ಬಂತು. ಹಿರಿಯಣ್ಣನವರು, ವಿಕ್ರಂಗೆ ಯಾರು ಯಾರು ಕೈ ಎತ್ತಿ ಎಂದರು. ಆಗ ತಿರುಗಿ ನೋಡಿದೆ. ಎಡಗಡೆ ಬರೀ ಕುರ್ಚಿಗಳು, ಮಂಡಿ ಏಳದ ನಾಲ್ವರು ಮುದುಕಿಯರು. ನನ್ನ ಹೆಸರು ಸೂಚಿಸಿದವಳು ಕೆಳಗೆ, ಅನುಮೋದಿಸಿದವಳೂ ಕೆಳಗೆ.

ಎದ್ದು ನಿಂತು, ಐದು ನಿಮಿಷ ಕೊಡಿ, ಕರೆದುಕೊಂಡು ಬರುತ್ತೇನೆ ಎಂದೆ. ಹಿರಿಯಣ್ಣನವರು ಗಡಿಯಾರ ನೋಡಿದರು. "ಎಲೆ ಹಾಕಿ ಆಗಿದೆಯಮ್ಮ, ಊಟ ಆರುತ್ತೆ. ಪಟ್ಟಿ ನೀವೇ ಮಾಡಿದ್ದಲ್ವಾ?" ಎಂದರು. ಯಾರೋ ನಕ್ಕರು. ನಾನು ಕೂತೆ.

ಶೇಖರ ಅವರು ನನಗೆ ಕೈ ಎತ್ತಿದರು. ಶ್ರೀರಾಮ್ ನೆಲ ನೋಡುತ್ತಾ ಕೂತಿದ್ದರು. ಬರುವಾಗ ರೈಲಿನಲ್ಲಿ ಅವರು ಜನರಲ್ ಡಬ್ಬಿ, ನಾನು ಲೇಡೀಸ್. ಜೋಗೇಶ್ವರಿಯಲ್ಲಿ ಇಳಿದ ಮೇಲೆ, ಇಬ್ಬರಿಗೂ ಬೇಜಾರಾಗಬಾರದು ಎಂದು ಸುಮ್ಮನಿದ್ದೆ ಎಂದು ಹೇಳಿದರು. ಇಬ್ಬರು ಎಂದರೆ ನಾನು ಮತ್ತು ವಿಕ್ರಂ. ಮೂವತ್ತೆರಡು ವರ್ಷದ ಸಂಸಾರ ನನ್ನದು, ವಿಕ್ರಂ ಸೇರಿ ಎರಡು ವರ್ಷ.

ಇದು ಸಂಚು ಎನ್ನುತ್ತಾಳೆ ಸುಪ್ರಜಾ. ಇರಲಾರದು. ಸಂಚು ಮಾಡುವ ಅಗತ್ಯವೇ ಅವರಿಗಿರಲಿಲ್ಲ. ಕಾರ್ಯಸೂಚಿ ನನ್ನದು, ಪಟ್ಟಿ ನನ್ನದು. ಎರಡನ್ನೂ ಒಂದೇ ಮೇಜಿನ ಮೇಲೆ, ಒಂದೇ ಪೆನ್ನಿನಲ್ಲಿ ಬರೆದೆ, ಅಕ್ಕಪಕ್ಕ ಇಟ್ಟು ನೋಡಲಿಲ್ಲ. ನನ್ನ ಮತದಾರರನ್ನೆಲ್ಲ ಬಕೆಟ್ಟು ಸೌಟು ಕೊಟ್ಟು ಕೆಳಗೆ ಕಳಿಸಿದವಳು ನಾನೇ. ಮಾಡಿದ್ದುಣ್ಣೋ ಮಹರಾಯ. ಬಹಳ ನಾಚಿಕೆಯಾಗುತ್ತಿದೆ, ಸೋತದ್ದಕ್ಕಲ್ಲ.

೩೧ ಜುಲೈ, ಗುರುವಾರ

ಹಿರಿಯಣ್ಣನವರ ಫೋನು. ವಾರ್ಷಿಕ ಸಭೆಯ ನಡಾವಳಿ ಬರೆದುಕೊಡಬೇಕಂತೆ, ವಿಕ್ರಂಗೆ ಬರೆಯಲು ಬಾರದಲ್ಲ. ಮತದಾನದ ವಿಷಯ ಬೇಡ, ಅವಿರೋಧವಾಗಿ ಆಯ್ಕೆ ಎಂದು ಬರೆದರೆ ಸಾಕಂತೆ. "ನೀವು ಸೋತ್ರಿ ಅಂತ ಪುಸ್ತಕದಲ್ಲಿ ಯಾಕಮ್ಮ ಇಡೋದು" ಎಂದರು. ನನ್ನ ಮೇಲಿನ ಕರುಣೆಯಿಂದಲೇ ಹೇಳಿದರು. ಆಗಲಿ ಎಂದೆ. ಇಷ್ಟು ವರ್ಷ ಬಾಯಿಗೆ ಅದೇ ಮಾತು ಅಭ್ಯಾಸವಾಗಿದೆ.

ಸಂಜೆ ನಡಾವಳಿ ಪುಸ್ತಕ ತರಲು ಮಾಟುಂಗಕ್ಕೆ ಹೋದೆ. ಹನುಮವ್ವ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನಿಂದ ತಪ್ಪಾಯಿತು ಹನುಮವ್ವ ಎಂದೆ. ಅವಳು ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

"ಅಕ್ಕಾರ, ನಾ ಮುಂಜಾನಿಂದ ಕೈ ಎತ್ತಬೇಕಂತ ಕುಂತಿದ್ದೆ. ನೀವು ಪಲ್ಯಾ ಬಡಸಾಕ ಬರದಿದ್ರಿ, ಎದ್ದು ಹೋದೆ. ಕೆಳಗ ಬಕೀಟ ಹಿಡಕೊಂಡು ನಿಂತಾಗ ಮ್ಯಾಲ ಚಪ್ಪಾಳಿ ಕೇಳಸ್ತು. ನೀವ ಗೆದ್ರಿ ಅಂತ ತಿಳದು ನಾವೂ ಎಲ್ಲಾರೂ ಚಪ್ಪಾಳಿ ಹೊಡದ್ವಿ."

ನನಗೆ ಅಲ್ಲಿ ಅಳು ಬರಲಿಲ್ಲ. ಮಾಟುಂಗ ರೋಡ್ ಸ್ಟೇಷನ್ನಿಗೆ ಹೋಗುವ ಸೇತುವೆಯ ಮೇಲೆ ಬಂತು. ಜನ ದಾಟಿಕೊಂಡು ಹೋಗುತ್ತಿದ್ದರು, ಯಾರೂ ನೋಡಲಿಲ್ಲ.

೫ ಆಗಸ್ಟ್, ಮಂಗಳವಾರ

ನಡಾವಳಿ ಬರೆಯಲು ಕೂತೆ. "ಅವಿರೋಧವಾಗಿ" ಎಂಬಲ್ಲಿಗೆ ಬಂದು ಕೈ ನಿಂತಿತು. ಹಳೆಯ ಪುಟಗಳನ್ನು ತಿರುವಿದೆ. ಹದಿನಾಲ್ಕು ವರ್ಷ, ಹದಿನಾಲ್ಕು ವಾರ್ಷಿಕ ಸಭೆ, ಎಲ್ಲದರ ಕೊನೆಯಲ್ಲಿ ನನ್ನದೇ ಅಕ್ಷರದಲ್ಲಿ ಒಂದೇ ಸಾಲು: ಮಹಿಳಾ ವಿಭಾಗದವರು ಅಚ್ಚುಕಟ್ಟಾಗಿ ಊಟ ಬಡಿಸಿದರು. ಯಾರವರು? ಒಂದು ಹೆಸರೂ ಇಲ್ಲ. ಬಂದ ಅತಿಥಿಗಳ ಕಾರಿನ ಡ್ರೈವರಿಗೆ ಊಟ ಕೊಟ್ಟದ್ದನ್ನು ಕೂಡ ಒಂದು ಕಡೆ ಬರೆದಿದ್ದೇನೆ.

ಆದದ್ದನ್ನು ಆದಂತೆ ಬರೆದೆ. ಯಾರಿಗೆಷ್ಟು ಮತ ಎಂದು ಬರೆದು, ಅದರ ಕೆಳಗೆ "ಮತದಾನದ ವೇಳೆ ಈ ಕೆಳಗಿನ ಹದಿನೇಳು ಸದಸ್ಯೆಯರು ಊಟ ಬಡಿಸಲು ಕೆಳಗಿದ್ದರು. ಅವರನ್ನು ಕರೆಯಲಿಲ್ಲ" ಎಂದು ಬರೆದೆ. ಹೆಸರು ಬರೆಯಲು ನನ್ನ ಪಟ್ಟಿ ತೆಗೆದೆ. ಪಟ್ಟಿಯಲ್ಲಿ ಶ್ರೀಮತಿ ಕೊರಗಪ್ಪ, ಶ್ರೀಮತಿ ಶಿವಪುತ್ರ, ಅಮೋಲ್ ತಾಯಿ. ಕರಡಿನಲ್ಲಿ ನನ್ನನ್ನು ಶ್ರೀಮತಿ ಶ್ರೀರಾಮ್ ಮಾಡಿದ್ದಕ್ಕೆ ರೈಲಿನಲ್ಲಿ ನಕ್ಕವಳು ನಾನು!

ಫೋನು ಮಾಡಿ ಕೇಳಿದೆ. ಕೊರಗಪ್ಪನವರ ಹೆಂಡತಿ "ನನ್ನ ಹೆಸರಾ? ಎಂತಕ್ಕೆ?" ಎಂದರು. ಪುಸ್ತಕದಲ್ಲಿ ಬರೆಯಲು ಎಂದೆ. "ಜಲಜಾಕ್ಷಿ. ಸರಿ ಬರೆಯಿರಿ ಆಯ್ತಾ, ಕ್ಷ ಬರ್ತದೆ" ಎಂದರು. ಹನ್ನೊಂದು ವರ್ಷದಿಂದ ಅವರ ಕೈಯ ಮಜ್ಜಿಗೆ ಕುಡಿಯುತ್ತಿದ್ದೇನೆ. ಅಮೋಲ್ ತಾಯಿಯ ಹೆಸರು ಸಾಧನಾ. ಶಿವಪುತ್ರ ಅವರ ಹೆಂಡತಿ ಸೋನಾಲಿ, ಸೊಲ್ಲಾಪುರದವಳು. ಹದಿನಾರಾಗುವ ಹೊತ್ತಿಗೆ ಏಳೂವರೆ. ಶ್ರೀರಾಮ್ ಬಂದು ಊಟ ಎಂದರು. ಹುಳಿ ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ ಎಂದೆ. ಒಂದು ಹೆಸರು ಇನ್ನೂ ಬಾಕಿ ಇತ್ತು, ಅವರ ಫೋನು ಹತ್ತುತ್ತಿರಲಿಲ್ಲ.

೧೭ ಆಗಸ್ಟ್, ಭಾನುವಾರ

ಇವತ್ತು ಗಣೇಶ ಹಬ್ಬದ ತಯಾರಿಗೆ ಸರ್ವಸದಸ್ಯರ ಸಭೆ. ಹಿಂದಿನ ನಡಾವಳಿಯನ್ನು ಓದಿ ಒಪ್ಪಿಗೆ ಪಡೆಯಬೇಕಾದದ್ದೂ ಇವತ್ತೇ. ಸಭೆಯ ನಂತರ ಊಟ. ಬಡಿಸುವವರ ಪಟ್ಟಿ ಕಳಿಸಿ ಎಂದು ವಾರದಲ್ಲಿ ಮೂರು ಸಲ ಮೆಸೇಜು ಬಂದಿತ್ತು. ನಾನು ಮಾಡಲಿಲ್ಲ. ಹಟದಿಂದ ಅಲ್ಲ, ಸುಸ್ತಾಗಿತ್ತು. ಕಾಗದ ಮುಂದಿಟ್ಟುಕೊಂಡರೂ ಕೈ ಓಡಲಿಲ್ಲ.

ನಡಾವಳಿ ಮೊದಲ ವಿಷಯ. ಹಿರಿಯಣ್ಣನವರು ಬೆಳಿಗ್ಗೆಯೇ ಬಂದು ಪುಸ್ತಕ ಓದಿದ್ದರು. ಮುಖ ಕೆಂಪಾಗಿತ್ತು. ಅದನ್ನು ಕೊನೆಗೆ ತೆಗೆದುಕೊಳ್ಳೋಣ ಎಂದರು. ಮಂಟಪ, ಆರತಿ, ಮಕ್ಕಳ ಸ್ಪರ್ಧೆ ಎಂದು ಎಲ್ಲ ಮುಗಿಯುವಾಗ ಹನ್ನೆರಡೂ ಮೂವತ್ತೈದು. ಹಿರಿಯಣ್ಣನವರು ಎಡಗಡೆ ನೋಡಿದರು. ಯಾರೂ ಎದ್ದಿರಲಿಲ್ಲ. ಪಟ್ಟಿ ಇಲ್ಲವಾದ್ದರಿಂದ ಯಾರು ಏಳಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಮೊದಮೊದಲು ಅಷ್ಟೇ. ಹನುಮವ್ವನ ಪಕ್ಕದವರು ಅರ್ಧ ಎದ್ದರು. ಅವಳು ಅವರ ಸೆರಗು ಹಿಡಿದು ಕೂರಿಸಿದಳು.

ಆ ಒಂದು ಪ್ಯಾರಾ ತೆಗೆದು ಒಪ್ಪೋಣ ಎಂದರು ಹಿರಿಯಣ್ಣನವರು. ಏನು ಬರೆದಿದೆ ಎಂದು ವಿಕ್ರಂ ಕೇಳಿದ. ಕಾರ್ಯದರ್ಶಿ ಅವನೇ, ಸಹಿಯೂ ಅವನದೇ ಬೇಕು. ನಾನು ಓದಿ ಹೇಳಿದೆ. ಅವನು ಕೇಳಿ, "ಇದ್ರಲ್ಲಿ ಗಲತ್ ಏನಿದೆ ಅಂಕಲ್? ಹುವಾ ತೋ ಯಹೀ ಥಾ, ಆದದ್ದು ಇದೇ ಅಲ್ವಾ" ಎಂದ. ಹುಡುಗ ಒಳ್ಳೆಯವನು ಎಂದು ಮೊದಲೇ ಬರೆದಿದ್ದೆ.

"ಹೆಸರು ಓದ್ರಿ ಅಕ್ಕಾರ" ಎಂದಳು ಹನುಮವ್ವ.

ಓದಿದೆ. ಮೊದಲ ಹೆಸರು ಅವಳದೇ. ತರಗತಿಯಲ್ಲಿ ಹಾಜರಿ ಕರೆದಾಗ ಹೇಳುವಂತೆ "ಅದೀನ್ರಿ" ಎಂದಳು. ಯಾರೂ ನಗಲಿಲ್ಲ. ಜಲಜಾಕ್ಷಿ ಎಂದೆ, "ಉಂಟು" ಎಂದರು. ಸಾಧನಾ, ಸೋನಾಲಿ, ಸುಪ್ರಜಾ. ಒಬ್ಬೊಬ್ಬರೂ ಇದ್ದೇನೆ, ಇದ್ದೇನೆ ಎಂದು ಹೇಳುತ್ತಾ ಹೋದರು. ಕೆಲವು ಹೆಸರು ಕೇಳಿ ಅವರ ಗಂಡಂದಿರೇ ತಿರುಗಿ ನೋಡಿದರು. ಹದಿನೇಳು ಮುಗಿದ ಮೇಲೆ, ಹೀಗೆಯೇ ಒಪ್ಪುವವರು ಕೈ ಎತ್ತಿ ಎಂದು ವಿಕ್ರಂ ಕೇಳಿದ. ಮೂವತ್ತೊಂದು. ಹಿರಿಯಣ್ಣನವರು ವಿಕ್ರಂ ಸಹಿಯ ಕೆಳಗೆ ತಮ್ಮದನ್ನೂ ಹಾಕಿ, ಯಾರನ್ನೂ ನೋಡದೆ ಪುಸ್ತಕ ಮುಚ್ಚಿದರು. ನನಗೆ ಪಾಪ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೆಯೇ ಬೇಸರವೂ ಆಯಿತು.

ಇದರಿಂದ ಏನೂ ಬದಲಾಗಿಲ್ಲ. ವಿಕ್ರಂ ಕಾರ್ಯದರ್ಶಿ, ಮೇಲಿನ ಕೋಣೆಯಲ್ಲಿ ಕೇರಂ ಬೋರ್ಡ್. ಎರಡು ವರ್ಷದ ನಂತರ ಮತ್ತೆ ಆಯ್ಕೆ. ಅಷ್ಟು ದೂರ ಯೋಚಿಸಲು ಈಗ ತ್ರಾಣವಿಲ್ಲ.

ಊಟಕ್ಕೆ ಎಲ್ಲರೂ ಕೆಳಗಿಳಿದೆವು. ಹೆಂಗಸರು ಮೊದಲ ಪಂಕ್ತಿಯಲ್ಲಿ ಕೂತುಬಿಟ್ಟರು. ಹೀಗೆ ಎಂದು ಯಾರೂ ಮಾತಾಡಿಕೊಂಡಿರಲಿಲ್ಲ. ನನ್ನ ಮಂಡಿ ನೋಯುತ್ತಿತ್ತು, ನಾನೂ ಕೂತೆ. ಗಂಡಸರು ಪಾತ್ರೆಗಳ ಹತ್ತಿರ ಗುಂಪಾಗಿ ನಿಂತಿದ್ದರು. ಸಾರು ಆರುತ್ತಿತ್ತು. ಕೊನೆಗೆ ಶೇಖರ ಅವರು ಎಲೆಯ ಕಟ್ಟು ಬಿಚ್ಚಿದರು, ಇನ್ನೊಬ್ಬರು ನೀರಿನ ಜಗ್ಗು ಹಿಡಿದರು.

ಶ್ರೀರಾಮ್ ಉಪ್ಪಿನ ಬಟ್ಟಲು ಹಿಡಿದು ನನ್ನ ಎಲೆಯ ಮುಂದೆ ಬಗ್ಗಿ ನಿಂತರು. ಅರವತ್ತಮೂರು ವರ್ಷದಿಂದ ಎಲೆಯ ಮೇಲೆ ಉಣ್ಣುತ್ತಿರುವ ಮನುಷ್ಯ. ಸುತ್ತ ನೋಡಿ, ದನಿ ತಗ್ಗಿಸಿ, ಉಪ್ಪು ಯಾವ ಕಡೆಗೆ ಹಾಕಬೇಕು ಎಂದು ಕೇಳಿದರು.

ಎಡತುದಿಗೆ ಎಂದು ತೋರಿಸಿದೆ.